ಫೀಸಿಗೆ ತಾರೀಖಿದೆ, ಕಾರಿಗಿಲ್ಲ

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಪಿಂಪ್ರಿ-ಚಿಂಚವಾಡದಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟ್ ಇದೆ. ನಮ್ಮ ಮನೆಯವರು ಕಾರುಗಳ ಸಾಫ್ಟ್‌ವೇರ್ ಪರೀಕ್ಷಿಸುವ ಕಂಪನಿಯೊಂದರಲ್ಲಿದ್ದಾರೆ. ಒಳ್ಳೆಯವರು, ಯಾವ ಚಟವೂ ಇಲ್ಲ. ಆದರೆ ಮೂರು ವರ್ಷದಿಂದ ಟೆಸ್ಲಾ ಷೇರಿನ ಹುಚ್ಚು ಹತ್ತಿದೆ. ಸೊಸೈಟಿಯ ಗೆಳೆಯರದ್ದೂ ಅದೇ ಕತೆ. ಸಂಜೆ ಏಳಕ್ಕೋ ಎಂಟಕ್ಕೋ ಅಮೆರಿಕದ ಮಾರ್ಕೆಟ್ ತೆರೆಯಿತೆಂದರೆ ಉಪ್ಪಿನಕಾಯಿ ಭರಣಿಗೆ ಫೋನ್ ಒರಗಿಸಿಕೊಂಡೇ ಊಟ. ‘ಡ್ರೈವರ್ ಇಲ್ಲದ ಟ್ಯಾಕ್ಸಿ ಶುರು ಆಗೇದ, ಇದು ಇನ್ನ ಬರೀ ಕಾರಿನ ಕಂಪನಿ ಅಲ್ಲ, ಹತ್ತು ಪಟ್ಟು ಆಗತದ ನೋಡು’ ಅನ್ನುತ್ತಾರೆ. ವಿಮಾನನಗರದಲ್ಲಿ ಟೆಸ್ಲಾ ಆಫೀಸು ಬರುತ್ತದೆ ಎಂದು ಗೊತ್ತಾದಾಗ ಪೇಢೆ ತಂದಿದ್ದರು.

ಒಟ್ಟು 18 ಲಕ್ಷ ಹಾಕಿದ್ದಾರೆ. ಅದರಲ್ಲಿ 5 ಲಕ್ಷ ಮನೆಸಾಲದ ಮೇಲೆ ತೆಗೆದ ಟಾಪ್-ಅಪ್. ಅಡಿಗೆಮನೆ ರಿಪೇರಿಗೆ ಎಂದಿದ್ದಕ್ಕೆ ನಾನೂ ಸಹಿ ಹಾಕಿದ್ದೆ. ಮಗಳು ಹನ್ನೊಂದನೇ ತರಗತಿ. ಅವಳ ಇಂಜಿನಿಯರಿಂಗ್‌ಗೆ ಎಂದು ಇಟ್ಟಿದ್ದ ಎಫ್‌ಡಿಯನ್ನೂ ಮುರಿದು ಅಲ್ಲೇ ಹಾಕಿದರು. ಈಗ ಲಾಭದಲ್ಲಿದ್ದೇವೆ ಅನ್ನುತ್ತಾರೆ. ನಾನು ಬಾಯಿ ತೆರೆದರೆ ‘ನಿನಗ ಟೆಕ್ನಾಲಜಿ ತಿಳಿಯೂದಿಲ್ಲ ಬಿಡು’. ನಿಜವಾಗಿಯೂ ನನಗೆ ತಿಳಿಯುವುದಿಲ್ಲ. ಸುಮ್ಮನಿದ್ದುಬಿಡಲೇ?

— ಹೆಸರು ಬೇಡ, ಪುಣೆ

ಉತ್ತರ: ತಂಗಿ, ಸುಮ್ಮನಿರಬೇಡಿ. ಹಾಗೆಂದು ಟೆಕ್ನಾಲಜಿಯ ವಾದಕ್ಕೂ ಇಳಿಯಬೇಡಿ. ಅಲ್ಲಿ ನಿಮ್ಮ ಮನೆಯವರೇ ಗೆಲ್ಲುತ್ತಾರೆ, ಗೆಲ್ಲಲಿ. ದಿನವಿಡೀ ಕ್ಯಾಮೆರಾ, ಸೆನ್ಸರ್, ಬ್ರೇಕುಗಳ ಜೊತೆ ಏಗುವವರು ಅವರು. ನಿಮ್ಮೂರ ಪಕ್ಕದ ಚಾಕಣದಲ್ಲಿ ತಯಾರಾಗುವ ಮಹೀಂದ್ರಾ ಎಲೆಕ್ಟ್ರಿಕ್ ಕಾರುಗಳು ಹೆದ್ದಾರಿಯಲ್ಲಿ ತಾವಾಗಿಯೇ ತಮ್ಮ ಪಥ ಬಿಡದೆ ಹೋಗುತ್ತವೆ, ಮುಂದಿನ ಗಾಡಿ ನಿಧಾನವಾದರೆ ತಾವೂ ನಿಧಾನವಾಗುತ್ತವೆ. ಅಮೆರಿಕದ ಫೀನಿಕ್ಸ್‌ನಲ್ಲಿ ಗೂಗಲ್ ಬಳಗದ ವೇಮೊ 2020ರಿಂದಲೇ ಚಾಲಕನಿಲ್ಲದ ಟ್ಯಾಕ್ಸಿಯನ್ನು ಜನರಿಗೆ ಒದಗಿಸುತ್ತಿದೆ. ಟೆಸ್ಲಾ 2025ರ ಜೂನ್‌ನಲ್ಲಿ ಆಸ್ಟಿನ್‌ನಲ್ಲಿ ಶುರುಮಾಡಿತು, ಆರಂಭದಲ್ಲಿ ಪಕ್ಕದ ಸೀಟಿಗೆ ಕಂಪನಿಯ ಒಬ್ಬರನ್ನು ಕಾವಲಿಗೆ ಕೂರಿಸಿಕೊಂಡು. ಕಾರು ತಾನೇ ಓಡುವ ಕಾಲ ಬರುತ್ತದೆ ಎಂದು ಅವರು ಹೇಳಿದರೆ ‘ಹೌದ್ರೀ, ಬರತದ’ ಅಂದುಬಿಡಿ. ಅಲ್ಲಿಗೆ ಆ ಜಗಳ ಮುಗಿಯಿತು.

ಆಮೇಲೆ ಕೇಳಬೇಕಾದದ್ದು ಒಂದೇ: ಯಾವಾಗ?

ಈ ಪ್ರಶ್ನೆಗೆ ಟೆಸ್ಲಾ ಕೊಟ್ಟ ಉತ್ತರಗಳನ್ನು ನೋಡಿ. 2016ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್, 2017 ಮುಗಿಯುವುದರೊಳಗೆ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿಗೆ ಕಾರು ಯಾರೂ ಮುಟ್ಟದೆ ಹೋಗುತ್ತದೆ ಅಂದರು. 2017 ಬಂತು, ಹೋಯಿತು, ಆ ಪ್ರಯಾಣ ನಡೆಯಲಿಲ್ಲ. 2019ರ ಏಪ್ರಿಲ್‌ನಲ್ಲಿ, ಮರುವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ರೋಬೋಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಅಂದರು. ‘ಪೂರ್ಣ ಸ್ವಯಂಚಾಲನೆ’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಮಾರಿದ ಸಾಫ್ಟ್‌ವೇರಿನ ಹೆಸರಿನ ಮುಂದೆ 2024ರಲ್ಲಿ ‘ಮೇಲ್ವಿಚಾರಣೆಯಲ್ಲಿ’ ಎಂಬ ಮಾತು ಸೇರಿತು. ಇದು ಮೋಸ ಎಂದು ನಾನು ಹೇಳುತ್ತಿಲ್ಲ. ಹತ್ತರಲ್ಲಿ ಒಂಬತ್ತು ಭಾಗ ಬೇಗ ಆಗಿ, ಕೊನೆಯ ಒಂದು ಭಾಗಕ್ಕೆ ಹತ್ತು ವರ್ಷ ಹಿಡಿಯುವಂಥ ಕೆಲಸ ಇದು. ಅದು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮಲ್ಲಂತೂ, ಚಾಲಕರ ಕೆಲಸ ಕಿತ್ತುಕೊಳ್ಳುವ ಕಾರುಗಳಿಗೆ ಅವಕಾಶ ಕೊಡುವುದಿಲ್ಲ ಎಂದು ನಿತಿನ್ ಗಡ್ಕರಿಯವರು 2023ರಲ್ಲೇ ಹೇಳಿಬಿಟ್ಟಿದ್ದಾರೆ.

ವಿಮಾನನಗರದ ಪೇಢೆಯ ವಿಷಯಕ್ಕೆ ನನಗೆ ನಗು ಬಂತು, ಕ್ಷಮಿಸಿ. 2021ರ ಜನವರಿಯಲ್ಲಿ ಟೆಸ್ಲಾದ ಭಾರತೀಯ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾದಾಗ ಇಲ್ಲಿಯೂ ಹೀಗೇ ಆಗಿತ್ತು, ಕಾರ್ಖಾನೆಯೇ ಬಂತೆಂಬ ಸಂಭ್ರಮ. 2023ರಲ್ಲಿ ಪುಣೆಯಲ್ಲಿ ಆಫೀಸಿಗೆ ಜಾಗ ಬಾಡಿಗೆಗೆ ಹಿಡಿದರು. ಮೊದಲ ಶೋರೂಮ್ ತೆರೆದದ್ದು 2025ರ ಜುಲೈನಲ್ಲಿ, ಮುಂಬೈಯಲ್ಲಿ, 60 ಲಕ್ಷದ ಆಸುಪಾಸಿನ ಕಾರಿನೊಂದಿಗೆ. ಬಾಡಿಗೆ ಕರಾರಿನಿಂದ ಷೇರುದಾರರಿಗೆ ಏನೂ ಸಿಗುವುದಿಲ್ಲ.

ಇನ್ನು ಬೆಲೆಯ ಕತೆ. 2021ರ ನವೆಂಬರ್‌ನಲ್ಲಿ ಈ ಷೇರು, ಇಂದಿನ ಲೆಕ್ಕಕ್ಕೆ ಹೊಂದಿಸಿದರೆ, 400 ಡಾಲರ್ ದಾಟಿತ್ತು. 2023ರ ಜನವರಿಯಲ್ಲಿ 100ರ ಹತ್ತಿರ ಬಂತು. 2024ರ ಡಿಸೆಂಬರ್‌ನಲ್ಲಿ 480 ತಲುಪಿತು. ಅದಾದ ನಾಲ್ಕೇ ತಿಂಗಳಿಗೆ, 2025ರ ಏಪ್ರಿಲ್‌ನಲ್ಲಿ, 220ರ ಸುತ್ತ ಸುಳಿದಾಡಿತು. ಗಮನಿಸಿ, 480 ಮುಟ್ಟಿದ ಆ 2024ರಲ್ಲೇ ಕಂಪನಿ ಮಾರಿದ ಕಾರುಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿತ್ತು. ಅಂದರೆ ಬೆಲೆ ನಿಂತಿರುವುದು ಕಾರಿನ ಮಾರಾಟದ ಮೇಲಲ್ಲ, ಮುಂದೆ ಬರಲಿರುವ ಟ್ಯಾಕ್ಸಿಯ ಮೇಲಿನ ನಂಬಿಕೆಯ ಮೇಲೆ. ಇಪ್ಪತ್ತು ವರ್ಷ ಕಾಯುವ ಶಕ್ತಿ ಇದ್ದವರಿಗೆ ಇದು ಆಗಿಬರಬಹುದು. ನಿಮ್ಮ ಮಗಳ ಸಿಇಟಿ ಆಗಿ, ಪ್ರವೇಶದ ಸುತ್ತಿನಲ್ಲಿ ಸೀಟು ಸಿಕ್ಕರೆ, ಫೀಸು ಕಟ್ಟಲು ಕೊಡುವುದು ಕೆಲವೇ ದಿನ. ಆ ದಿನ ಷೇರು 480ರಲ್ಲಿರುತ್ತದೋ 220ರಲ್ಲೋ ಎಂಬುದನ್ನು ನಿಮ್ಮ ಮನೆಯವರೂ ಹೇಳಲಾರರು, ಮಸ್ಕ್ ಕೂಡ ಹೇಳಲಾರರು. ತಾರೀಖು ಗೊತ್ತಿರುವ ಖರ್ಚಿನ ಹಣವನ್ನು ತಾರೀಖು ಗೊತ್ತಿಲ್ಲದ ಮಾತಿನ ಮೇಲೆ ಇಟ್ಟಿದ್ದಾರೆ. ನಿಮ್ಮ ತಕರಾರು ಇಷ್ಟೇ. ಇದನ್ನು ಹೇಳಲು ಲೈಡಾರ್ ಎಂದರೇನೆಂದು ಗೊತ್ತಿರಬೇಕಾಗಿಲ್ಲ.

ಇದು ಅಮೆರಿಕದ ಷೇರಿನ ದೋಷ ಎಂದುಕೊಂಡು ಅವರು ನಾಳೆ ಇಲ್ಲಿನದಕ್ಕೆ ಹಾರಬಾರದು. ನಿಮ್ಮ ಮನೆಯ ಹತ್ತಿರದ ಪಿಂಪ್ರಿಯಲ್ಲೇ ಟಾಟಾ ಮೋಟಾರ್ಸ್ ಇದೆ. 2020ರ ಮಾರ್ಚ್‌ನಲ್ಲಿ ಸುಮಾರು 65 ರೂಪಾಯಿಗೆ ಬಿದ್ದಿದ್ದ ಅದರ ಷೇರು 2024ರ ಜುಲೈ ಕೊನೆಗೆ 1,179ಕ್ಕೆ ಏರಿತು. ನೆಕ್ಸಾನ್ ಎಲೆಕ್ಟ್ರಿಕ್ ಕಾರನ್ನು ಬೀದಿಬೀದಿಯಲ್ಲಿ ಕಂಡು ‘ಇವಿ ಷೇರು’ ಎಂದು ತುದಿಯಲ್ಲಿ ಕೊಂಡವರು ಬಹಳ. ಆ ಕಂಪನಿಯ ಆದಾಯದ ದೊಡ್ಡ ಪಾಲು ಬರುತ್ತಿದ್ದದ್ದು ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರ್‌ನಿಂದ ಎಂಬುದನ್ನು ಅವರಲ್ಲಿ ಎಷ್ಟು ಜನ ನೋಡಿದ್ದರೋ. 2025ರ ಅಕ್ಟೋಬರ್ 14ರಂದು ಲಾರಿ-ಬಸ್ಸಿನ ವಹಿವಾಟು ಬೇರೆಯಾದಾಗ ಮೊಬೈಲಿನಲ್ಲಿ ಷೇರು ಒಂದೇ ರಾತ್ರಿ 660ರಿಂದ 400ಕ್ಕೆ ಇಳಿದಂತೆ ಕಂಡಿತು. ಉಳಿದ ಪಾಲು ಇನ್ನೊಂದು ಷೇರಾಗಿ ಬರಲಿದೆ ಎಂಬುದನ್ನು ಓದದೆ ಗಾಬರಿಯಾದವರು ಎಷ್ಟೋ. ಓಲಾ ಎಲೆಕ್ಟ್ರಿಕ್ ಇನ್ನೂ ನೇರವಾದ ಪಾಠ. 2024ರ ಆಗಸ್ಟ್‌ನಲ್ಲಿ 76 ರೂಪಾಯಿಗೆ ಮಾರುಕಟ್ಟೆಗೆ ಬಂದು, ಅದೇ ತಿಂಗಳು 157 ಮುಟ್ಟಿ, ಮರುವರ್ಷ 50ಕ್ಕಿಂತ ಕೆಳಗೆ ಹೋಯಿತು. ಸ್ಕೂಟರುಗಳು ರಸ್ತೆಯಲ್ಲಿದ್ದವು, ಎಲೆಕ್ಟ್ರಿಕ್ ಯುಗ ಬಂದದ್ದೂ ನಿಜ, ಆದರೂ ಹಣ ಹೋಯಿತು.

ನಿಮ್ಮ ಮನೆಯವರ ವಿಷಯದಲ್ಲಿ ಮತ್ತೊಂದು ತೊಡಕಿದೆ. ಅವರ ಸಂಬಳ ಬರುವುದು ಕಾರಿನ ಉದ್ಯಮದಿಂದ, ಮನೆಯ ಉಳಿತಾಯ ಈಗ ಅದೇ ಉದ್ಯಮದ ಒಂದೇ ಕಂಪನಿಯಲ್ಲಿದೆ. ಹೊಲಕ್ಕೆಲ್ಲ ಉಳ್ಳಾಗಡ್ಡಿ ಹಾಕಿ, ಸಾಲವನ್ನೂ ಉಳ್ಳಾಗಡ್ಡಿಯ ದರ ನಂಬಿ ಮಾಡಿದವರ ಪಾಡು ಬಾಗಲಕೋಟೆಯವರಿಗೆ ನಾನು ವಿವರಿಸಬೇಕಿಲ್ಲ. ಕೆಲಸ ಅಲುಗಾಡುವ ವರ್ಷವೇ ಷೇರೂ ಬೀಳುವುದು ಸಾಮಾನ್ಯ. ಗೆಳೆಯರ ಮಾತಿನ ತೂಕವೂ ಅಷ್ಟೇ. ಐದು ಜನ ಒಂದೇ ಷೇರು ಹಿಡಿದು ಗೇಟಿನ ಹತ್ತಿರ ನಿಂತರೆ ಐದು ಅಭಿಪ್ರಾಯ ಇರುವುದಿಲ್ಲ, ಒಂದೇ ಅಭಿಪ್ರಾಯ ಐದು ಸಲ ಕೇಳಿಸುತ್ತದೆ. ಮಾರಿ ಹೊರಬಂದವರು ಆ ಗುಂಪಿನಲ್ಲಿ ನಿಲ್ಲುವುದೇ ಇಲ್ಲ.

ಹಾಗಾದರೆ ಪೂರ್ತಿ ಮಾರಿ ಎನ್ನಬೇಕೇ? ಬೇಡ. ಅಷ್ಟು ಕೇಳಿದರೆ ಅವರು ಒಂದನ್ನೂ ಮಾರುವುದಿಲ್ಲ. ಮಾರ್ಕೆಟ್ ತೆರೆದಿರುವ ಹೊತ್ತಿನಲ್ಲಿ ಈ ಮಾತು ಎತ್ತಲೂಬೇಡಿ. ಭಾನುವಾರ ಬೆಳಗ್ಗೆ, ಮಗಳು ಕ್ಲಾಸಿಗೆ ಹೋದ ಮೇಲೆ, ನಾಲ್ಕು ವರ್ಷದ ಫೀಸು, ಹಾಸ್ಟೆಲು, ಪುಸ್ತಕದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಕೂರಿ. ಅಷ್ಟು ಹಣ ಹೊರಬರಲಿ, ಎಫ್‌ಡಿಗೆ ಮರಳಲಿ. ಲಾಭದಲ್ಲಿರುವಾಗ ಇದನ್ನು ಒಪ್ಪಿಸುವುದು ಸುಲಭ. ನಷ್ಟಕ್ಕೆ ಬಿದ್ದ ಮೇಲೆ ‘ಅಸಲು ಬರಲಿ, ಆಮೇಲೆ ನೋಡೋಣ’ ಎಂಬ ಹಟ ಶುರುವಾಗುತ್ತದೆ. 24 ತಿಂಗಳು ಮೀರಿದ ಷೇರುಗಳನ್ನು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ. ಅದಕ್ಕಿಂತ ಹೊಸವಾದರೆ ಅವರ ಸಂಬಳದ ಸ್ಲ್ಯಾಬಿನ ದರ. ಆದ್ದರಿಂದ ಹಳೆಯವನ್ನು ಮೊದಲು ಮಾರುವುದು ಸರಿ. ಉಳಿದದ್ದು ಅವರ ನಂಬಿಕೆಗೆ ಇರಲಿ, ಅದರ ಮೇಲೆ ನೀವು ಮಾತಾಡಬೇಡಿ. ಅದು ಹತ್ತು ಪಟ್ಟಾದರೆ ಪೇಢೆ ನೀವೇ ತನ್ನಿ.

ಆ ಮಾತಿನ ನಡುವೆಯೇ ಇನ್ನೆರಡು ವಿಷಯ ವಿಚಾರಿಸಿ. ಆದಾಯ ತೆರಿಗೆ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿಗೆಂದೇ ಒಂದು ಭಾಗವಿದೆ; ಒಂದೇ ಒಂದು ಷೇರಿದ್ದರೂ ಅಲ್ಲಿ ತುಂಬಬೇಕು. ತುಂಬದಿದ್ದರೆ ಕಪ್ಪುಹಣದ ಕಾಯ್ದೆಯಡಿ 10 ಲಕ್ಷ ದಂಡಕ್ಕೆ ಅವಕಾಶವಿದೆ. ಸ್ಥಿರಾಸ್ತಿ ಬಿಟ್ಟು ಒಟ್ಟು ಬೆಲೆ 20 ಲಕ್ಷ ಮೀರದಿದ್ದರೆ ಆ ದಂಡದಿಂದ 2024ರ ಅಕ್ಟೋಬರ್‌ನಿಂದ ವಿನಾಯಿತಿ ಉಂಟು. ಆದರೆ ನೀವು ಹಾಕಿದ್ದೇ 18, ಲಾಭ ಸೇರಿದರೆ ಗೆರೆ ದಾಟಿರಬಹುದು. ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ಗೆ ಹಳೆಯ ರಿಟರ್ನುಗಳನ್ನು ತೋರಿಸಿ. ಎರಡನೆಯದು, ಖಾತೆ ಯಾವ ಆ್ಯಪಿನಲ್ಲಿದೆ, ಅವರಿಗೇನಾದರೂ ಆದರೆ ಹಣ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಅಮೆರಿಕದ ಷೇರು 60,000 ಡಾಲರ್ ದಾಟಿದರೆ, ಮಾಲೀಕರು ತೀರಿಕೊಂಡಾಗ ಅಲ್ಲಿನ ಸರ್ಕಾರ ಶೇ. 40ರವರೆಗೆ ತೆರಿಗೆ ಹಾಕುತ್ತದೆ. ನೀವು ಹಾಕಿದ್ದು ಅದಕ್ಕಿಂತ ಬಹಳ ಕಡಿಮೆ. ‘ಹತ್ತು ಪಟ್ಟು’ ಎನ್ನುವವರಿಗೆ ಮಾತ್ರ ಇದು ತಿಳಿದಿರಲಿ.

ಇನ್ನು ಟಾಪ್-ಅಪ್. ನಿಮ್ಮ ಪತ್ರದಲ್ಲಿ ಟೆಸ್ಲಾಕ್ಕೆ ಅಷ್ಟೊಂದು ಸಾಲುಗಳಿವೆ, ಅಡಿಗೆಮನೆಗೆ ಒಂದೇ ಸಾಲು. ನನಗೆ ಚುಚ್ಚಿದ್ದು ಆ ಒಂದು ಸಾಲು. ವಿದೇಶದಲ್ಲಿ ಹೂಡಲು ಕಳುಹಿಸುವ ಹಣಕ್ಕೆ ಬ್ಯಾಂಕುಗಳು ಸಾಲ ಕೊಡಕೂಡದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಅಡಿಗೆಮನೆಯ ಹೆಸರು ಬಂದದ್ದು ಬಹುಶಃ ಅದಕ್ಕೇ. ನಿಮ್ಮ ಮನೆಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ‘ಜೂಜು’ ಎಂಬ ಮಾತನ್ನೂ ಆಡಬೇಡಿ. ಆದರೆ ಷೇರು ಏರಿದರೂ ಇಳಿದರೂ ಇದು ಬೇರೆಯೇ ವಿಷಯ ಎಂಬುದನ್ನು ಬಿಡಿಸಿ ಹೇಳಿ: ‘ನಿಮಗ ಟೆಕ್ನಾಲಜಿ ಗೊತ್ತದ, ನನಗ ಗೊತ್ತಿಲ್ಲ, ಖರೆ. ಆದರ ನನ್ನ ಸಹಿ ಯಾತಕ್ಕಂತ ನನಗ ಗೊತ್ತಿರಬೇಕಿತ್ತು.’ ಇಷ್ಟು ಹೇಳಿ ಸುಮ್ಮನಾಗಿ, ಉತ್ತರಕ್ಕೆ ಕಾಯಿರಿ. ಅವರು ಸಿಟ್ಟಾಗಬಹುದು, ಎದ್ದು ಹೋಗಬಹುದು. ಹೋಗಲಿ, ಸಂಜೆಗೆ ಬರುತ್ತಾರೆ.

ಅವರು ಯಾವುದಕ್ಕೂ ಒಪ್ಪದಿದ್ದರೂ ನಿಮ್ಮ ಕೈ ಕಟ್ಟಿಲ್ಲ. ಸಹಿ ಹಾಕಿದ ಮೇಲೆ ಆ ಸಾಲದಲ್ಲಿ ನೀವೂ ಪಾಲುದಾರರು. ಬ್ಯಾಂಕಿನ ಶಾಖೆಗೆ ನೀವೇ ಹೋಗಿ, ಟಾಪ್-ಅಪ್ಪಿನ ಸ್ಟೇಟ್‌ಮೆಂಟ್ ಕೇಳಿ, ಇವತ್ತು ಪೂರ್ತಿ ತೀರಿಸಿದರೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡು ಬನ್ನಿ. ಬದಲಾಗುವ ಬಡ್ಡಿದರದ ಮನೆಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ, ಕೌಂಟರಿನಲ್ಲಿ ಯಾರಾದರೂ ಬೇರೆ ಹೇಳಿದರೆ ಮ್ಯಾನೇಜರ್ ಹತ್ತಿರ ಹೋಗಿ. ಆ ಮೊತ್ತದ ಚೀಟಿಯನ್ನು ಮಗಳ ಫೀಸಿನ ಹಾಳೆಗೆ ಪಿನ್ ಮಾಡಿ ಭಾನುವಾರ ಎದುರಿಗಿಡಿ. ಷೇರು ಮಾರಿದ ಹಣದಲ್ಲಿ ಮೊದಲ ಕಂತು ಅದಕ್ಕೆ, ಎರಡನೆಯದು ಎಫ್‌ಡಿಗೆ.