ತಾತನ ಇಂಜೆಕ್ಷನ್ ಮತ್ತು ಕಸದ ಆಟೋ

ವೈಯಾಲಿಕಾವಲ್‌ನಲ್ಲಿರೋ ನಮ್ಮ ತಾತನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದರು. ಆಗಿನಿಂದ ಸ್ಟ್ಯಾಟಿನ್, ಎಜೆಟಿಮೈಬ್ ಎರಡೂ ಮಾತ್ರೆ ತಪ್ಪದೆ ತಗೋತಿದ್ದಾರೆ. ಆದ್ರೂ ಕೆಟ್ಟ ಕೊಲೆಸ್ಟ್ರಾಲ್, ಅಂದ್ರೆ ಎಲ್‌ಡಿಎಲ್, 92ರಲ್ಲೇ ನಿಂತಿದೆ. ಇಂಥವರಿಗೆ ಅದು 55ಕ್ಕಿಂತ ಕಡಿಮೆ ಇರಬೇಕು ಅನ್ನುತ್ತೆ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ 2024ರ ಮಾರ್ಗಸೂಚಿ. ಡಾಕ್ಟರು ಇಂಜೆಕ್ಷನ್ ಬಗ್ಗೆ ಯೋಚಿಸಿ ಅಂದ್ರು. ಮನೆಗೆ ಬಂದ ತಾತ ಕೇಳಿದ್ದು ಒಂದೇ: "ಹಂಗಾದ್ರೆ ಮಾತ್ರೆ ನಿಲ್ಲಿಸ್ಬೋದಲ್ವೇನ್ರೋ?" ನಮ್ಮ ಹತ್ರ ಉತ್ತರ ಇರಲಿಲ್ಲ. ಕೂತು ಓದಿದೆವು.

ಲಿವರ್ ಕೋಶಗಳ ಮೇಲಿರೋ ಎಲ್‌ಡಿಎಲ್ ರಿಸೆಪ್ಟರ್‌ಗಳನ್ನ ಕಸದ ಆಟೋ ಅಂದ್ಕೊಳ್ಳಿ. ರಕ್ತದಲ್ಲಿರೋ ಎಲ್‌ಡಿಎಲ್ ತುಂಬಿಕೊಂಡು ಒಳಗೆ ಸುರಿದು, ಮುಂದಿನ ಟ್ರಿಪ್ಪಿಗೆ ವಾಪಸ್ ಬರುತ್ತವೆ. ಪಿಸಿಎಸ್‌ಕೆ9 ಅನ್ನೋ ಪ್ರೋಟೀನ್ ಅಂಟಿಕೊಂಡರೆ ಆಟೋ ವಾಪಸ್ ಬರಲ್ಲ, ಸೀದಾ ಗುಜರಿಗೆ ಹೋಗುತ್ತೆ. ನಾವು ಓದಿದ ಮೂರು ಇಂಜೆಕ್ಷನ್‌ಗಳ ಗುರಿಯೂ ಈ ಪ್ರೋಟೀನೇ.

ಅಲಿರೊಕುಮಾಬ್, ಇವೊಲೊಕುಮಾಬ್: 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಆಂಟಿಬಾಡಿಗಳು. ಪಿಸಿಎಸ್‌ಕೆ9 ರಕ್ತಕ್ಕೆ ಬಂದಮೇಲೆ ಅದನ್ನ ಹಿಡಿದು ಹಾಕುತ್ತವೆ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ಕಲಿತುಕೊಂಡರೆ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಫ್ರಿಜ್‌ನಲ್ಲಿ ಇಡಬೇಕು. 27,564 ಜನರ ಫೂರಿಯರ್ ಪ್ರಯೋಗದಲ್ಲಿ ಇವೊಲೊಕುಮಾಬ್ ಎಲ್‌ಡಿಎಲ್ ಅನ್ನು 59% ಇಳಿಸಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ತೊಂದರೆಗಳ ಒಟ್ಟು ಅಪಾಯ 15% ಕಡಿಮೆಯಾಯ್ತು.

ಇನ್‌ಕ್ಲಿಸಿರಾನ್: ಇದು ಚಿಕ್ಕ ಆರ್‌ಎನ್‌ಎ ತುಣುಕು. ಲಿವರ್‌ನಲ್ಲಿ ಪಿಸಿಎಸ್‌ಕೆ9 ತಯಾರಾಗೋದನ್ನೇ ತಡೆಯುತ್ತೆ. ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಆಸ್ಪತ್ರೆ ಸಿಬ್ಬಂದಿಯೇ ಕೊಡಬೇಕು. ಎಲ್‌ಡಿಎಲ್ ಸುಮಾರು 50% ಇಳಿಯುತ್ತೆ. ಅದರಿಂದ ಹೃದಯಾಘಾತ ಎಷ್ಟು ತಪ್ಪುತ್ತೆ ಅಂತ ನೋಡೋ ಒರಾಯನ್-4 ಪ್ರಯೋಗ ಮಾತ್ರ ಇನ್ನೂ ನಡೀತಿದೆ.

ಅಂದ್ರೆ ಒಂದು ಕಡೆ ವರ್ಷಕ್ಕೆ 26 ಚುಚ್ಚು, ಕೈಯಲ್ಲಿ ಪುರಾವೆ. ಇನ್ನೊಂದು ಕಡೆ ವರ್ಷಕ್ಕೆ ಎರಡೇ ಚುಚ್ಚು, ಪುರಾವೆಗೆ ಕಾಯಬೇಕು. ಮಾತ್ರೆಗೆ ಹೋಲಿಸಿದ್ರೆ ಎರಡೂ ತುಂಬಾ ದುಬಾರಿ.

ಇನ್ನು ತಾತನ ಪ್ರಶ್ನೆ. ಸ್ಟ್ಯಾಟಿನ್ ಆಟೋಗಳ ಸಂಖ್ಯೆ ಹೆಚ್ಚಿಸುತ್ತೆ, ಜೊತೆಗೆ ಪಿಸಿಎಸ್‌ಕೆ9 ಅನ್ನೂ ಹೆಚ್ಚಿಸುತ್ತೆ. ಇಂಜೆಕ್ಷನ್ ಆ ಅಡ್ಡಗಾಲನ್ನ ತೆಗೆಯುತ್ತೆ. ಒಂದು ಹೊಸ ಆಟೋ ತರುತ್ತೆ, ಇನ್ನೊಂದು ಗುಜರಿಗೆ ಹೋಗದಂತೆ ಕಾಯುತ್ತೆ. ಸ್ಟ್ಯಾಟಿನ್ ಒಗ್ಗದವರ ವಿಷಯ ಬೇರೆ. ಒಗ್ಗಿದವರಿಗೆ ಎರಡೂ ಬೇಕು.

ಇದನ್ನ ಹೇಳಿದಾಗ ತಾತ ಮಾತ್ರೆ ಡಬ್ಬಿಯನ್ನ ಮತ್ತೆ ಹತ್ರ ಎಳ್ಕೊಂಡ್ರು. ಯಾವ ಇಂಜೆಕ್ಷನ್ ಅನ್ನೋದನ್ನ ಡಾಕ್ಟರ ಜೊತೆ ಕೂತೇ ತೀರ್ಮಾನ ಮಾಡ್ತೀವಿ. ನಿಮ್ಮನೇಲೂ ಇಂಥ ತಾತ ಇದ್ರೆ, ಮಾತ್ರೆ ನಿಲ್ಲಿಸೋ ಮುಂಚೆ ಒಮ್ಮೆ ಕೇಳಿಸಿ.