ಕ್ಯಾಮೆರಾ ದೃಶ್ಯ ನೇರವಾಗಿ ನೆಟ್‌ವರ್ಕ್ ಸಂಗ್ರಹಕ್ಕೆ: ವರ್ತಕರು ಅರಿತಿರಬೇಕಾದ ಅಂಶಗಳು

ಅಂಗಡಿ, ಗೋದಾಮು ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಭದ್ರತಾ ಕ್ಯಾಮೆರಾಗಳ ಅಳವಡಿಕೆ ಇಂದು ಸಾಮಾನ್ಯ ಸಂಗತಿಯಾಗಿದೆ. ಆದರೆ ದೃಶ್ಯವನ್ನು ದಾಖಲಿಸುವ ಡಿ.ವಿ.ಆರ್. ಯಂತ್ರವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಇರಿಸಿದ್ದರೆ, ಕಳ್ಳನು ನಗದಿನೊಡನೆ ಅದನ್ನೂ ಹೊತ್ತೊಯ್ಯಬಹುದು. ಆಗ ಕ್ಯಾಮೆರಾ ಇದ್ದೂ ಇಲ್ಲದಂತಾಗುತ್ತದೆ. ಇದಕ್ಕೊಂದು ಪರಿಹಾರವೆಂದರೆ, ಐ.ಪಿ. ಕ್ಯಾಮೆರಾಗಳ ದೃಶ್ಯವನ್ನು ‘ನ್ಯಾಸ್’ ಎಂದು ಕರೆಯಲಾಗುವ ನೆಟ್‌ವರ್ಕ್ ಸಂಗ್ರಹ ಸಾಧನದಲ್ಲಿ ನೇರವಾಗಿ ದಾಖಲಿಸುವುದು. ಒಂದು ಅಥವಾ ಹೆಚ್ಚು ಹಾರ್ಡ್ ಡಿಸ್ಕ್‌ಗಳುಳ್ಳ ಈ ಪೆಟ್ಟಿಗೆಗೆ ಮಾನಿಟರ್, ಕೀಲಿಮಣೆಗಳ ಅಗತ್ಯವಿಲ್ಲ. ಕೇಬಲ್ ತಲುಪುವ ಯಾವುದೇ ಬೀಗವಿರುವ, ಗಾಳಿಯಾಡುವ ಕೊಠಡಿಯಲ್ಲಿ ಇದನ್ನು ಇರಿಸಬಹುದು.

1. ಎರಡು ವಿಧಾನಗಳು

ಮೊದಲನೆಯ ವಿಧಾನದಲ್ಲಿ ಕ್ಯಾಮೆರಾ ತಾನೇ ನ್ಯಾಸ್‌ನ ಹಂಚಿಕೆಯ ಫೋಲ್ಡರಿಗೆ ದೃಶ್ಯವನ್ನು ಬರೆಯುತ್ತದೆ. ಇದಕ್ಕೆ ಕ್ಯಾಮೆರಾದಲ್ಲಿ ಎನ್.ಎಫ್.ಎಸ್. ಅಥವಾ ಎಸ್.ಎಂ.ಬಿ. ಸೌಲಭ್ಯವಿರಬೇಕು. ಎರಡನೆಯ ವಿಧಾನದಲ್ಲಿ ನ್ಯಾಸ್‌ನಲ್ಲಿರುವ ತಂತ್ರಾಂಶವು ಕ್ಯಾಮೆರಾಗಳಿಂದ ದೃಶ್ಯವನ್ನು ಪಡೆದು ದಾಖಲಿಸುತ್ತದೆ. ಇದಕ್ಕೆ ಕ್ಯಾಮೆರಾವು ಓನ್‌ವಿಫ್ ಮಾನದಂಡಕ್ಕೆ ಹೊಂದಿಕೆಯಾಗುವಂತಿದ್ದರೆ ಅನುಕೂಲ. ಕೆಲವು ತಯಾರಕರು ನಿಗದಿತ ಸಂಖ್ಯೆಯ ನಂತರದ ಪ್ರತಿ ಕ್ಯಾಮೆರಾಕ್ಕೂ ಪರವಾನಗಿ ಶುಲ್ಕ ವಿಧಿಸುವುದರಿಂದ, ಖರೀದಿಗೆ ಮುನ್ನ ಅದನ್ನು ವಿಚಾರಿಸತಕ್ಕದ್ದು. ಎರಡು ಮೂರು ಕ್ಯಾಮೆರಾಗಳಿಗೆ ಮೊದಲನೆಯ ವಿಧಾನವೇ ಸಾಕು. ಹೆಚ್ಚಿನ ಕ್ಯಾಮೆರಾಗಳಿದ್ದಲ್ಲಿ ದೃಶ್ಯ ಹುಡುಕಲು ಎರಡನೆಯದು ಸುಲಭ.

2. ಸ್ಥಳಾವಕಾಶದ ಲೆಕ್ಕ

ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ನಿರಂತರವಾಗಿ ದಾಖಲಿಸುವ ಕ್ಯಾಮೆರಾಕ್ಕೆ ದಿನವೊಂದಕ್ಕೆ 10.8 ಗಿಗಾಬೈಟ್ ಬೇಕಾಗುತ್ತದೆ. ಈ ಸಂಖ್ಯೆಯನ್ನು ಕ್ಯಾಮೆರಾದ ವೇಗ, ಕ್ಯಾಮೆರಾಗಳ ಸಂಖ್ಯೆ ಹಾಗೂ ದಿನಗಳಿಂದ ಗುಣಿಸಿದರೆ ಒಟ್ಟು ಅವಶ್ಯಕತೆ ದೊರೆಯುತ್ತದೆ. ಉದಾಹರಣೆಗೆ, 2 ಮೆಗಾಬಿಟ್ ವೇಗದ 8 ಕ್ಯಾಮೆರಾಗಳ 30 ದಿನಗಳ ದಾಖಲೆಗೆ 5,184 ಗಿಗಾಬೈಟ್, ಅಂದರೆ ಸುಮಾರು 5.2 ಟೆರಾಬೈಟ್ ಬೇಕು. 8 ಟೆರಾಬೈಟ್‌ನ ಎರಡು ಡಿಸ್ಕ್‌ಗಳನ್ನು ಒಂದರ ಪ್ರತಿ ಇನ್ನೊಂದರಲ್ಲಿರುವಂತೆ ಜೋಡಿಸಿದರೆ, ಅಗತ್ಯಕ್ಕೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ಒಂದು ಡಿಸ್ಕ್ ಕೆಟ್ಟರೂ ದಾಖಲೆ ಉಳಿಯುತ್ತದೆ. ಆದರೆ ಇಂತಹ ಜೋಡಣೆ ಕಳವು ಅಥವಾ ಬೆಂಕಿಯಿಂದ ರಕ್ಷಿಸದು. ಹಗಲಿರುಳು ಬರೆಯುವ ಕೆಲಸಕ್ಕೆಂದೇ ತಯಾರಾದ ಡಿಸ್ಕ್‌ಗಳನ್ನು ಕೊಳ್ಳುವುದು ಲೇಸು.

3. ಜೋಡಣೆಯ ಕ್ರಮ

ನ್ಯಾಸ್‌ಗೂ ಪ್ರತಿ ಕ್ಯಾಮೆರಾಕ್ಕೂ ಬದಲಾಗದ ಐ.ಪಿ. ವಿಳಾಸವನ್ನು ನಿಗದಿಪಡಿಸಬೇಕು. ವಿದ್ಯುತ್ ಹೋಗಿ ಬಂದಾಗ ನ್ಯಾಸ್‌ನ ವಿಳಾಸ ಬದಲಾದರೆ ಪರದೆಯ ಮೇಲೆ ಕ್ಯಾಮೆರಾದ ಚಿತ್ರ ಕಾಣುತ್ತಲೇ ಇರುತ್ತದೆ, ಆದರೆ ದಾಖಲೆ ಸದ್ದಿಲ್ಲದೆ ನಿಂತುಹೋಗುತ್ತದೆ. ಬಳಿಕ ದೃಶ್ಯಗಳಿಗೆಂದೇ ಪ್ರತ್ಯೇಕ ಫೋಲ್ಡರ್ ತೆರೆದು, ಅದಕ್ಕೆ ಗಾತ್ರದ ಮಿತಿ ಹಾಕಬೇಕು. ಇಲ್ಲವಾದರೆ ದೃಶ್ಯಗಳೇ ಲೆಕ್ಕಪತ್ರಗಳ ಜಾಗವನ್ನೂ ಆಕ್ರಮಿಸಿಯಾವು. ಆ ಫೋಲ್ಡರಿಗೆ ಮಾತ್ರ ಪ್ರವೇಶವಿರುವ ಬಳಕೆದಾರ ಹೆಸರನ್ನು ಸೃಷ್ಟಿಸಿ, ಅದನ್ನೇ ಕ್ಯಾಮೆರಾದಲ್ಲಿ ನಮೂದಿಸಬೇಕು. ಸ್ಥಳ ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುವ ಆಯ್ಕೆಯನ್ನು ಸಕ್ರಿಯಗೊಳಿಸಬೇಕು. ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡಿಗೆ ಅವಕಾಶವಿದ್ದರೆ, ನೆಟ್‌ವರ್ಕ್ ಕಡಿದ ಹೊತ್ತಿನ ದೃಶ್ಯ ಅದರಲ್ಲಿ ಉಳಿಯುವಂತೆ ಮಾಡಿಕೊಳ್ಳಬಹುದು.

ಯು.ಪಿ.ಎಸ್. ಕೇವಲ ನ್ಯಾಸ್‌ಗೆ ಸಾಲದು. ಕೇಬಲ್ ಮೂಲಕವೇ ಕ್ಯಾಮೆರಾಗಳಿಗೆ ವಿದ್ಯುತ್ ನೀಡುವ ಪಿ.ಓ.ಇ. ಸ್ವಿಚ್ಚನ್ನು ಬಳಸಿ ಅದನ್ನೂ ಯು.ಪಿ.ಎಸ್.ಗೆ ಜೋಡಿಸಿದರೆ ಇಡೀ ವ್ಯವಸ್ಥೆ ವಿದ್ಯುತ್ ಕಡಿತದಲ್ಲೂ ನಡೆಯುತ್ತದೆ. ಸ್ವಿಚ್ಚಿನಿಂದ ಕ್ಯಾಮೆರಾಕ್ಕೆ ಎಳೆಯುವ ಕೇಬಲ್ 100 ಮೀಟರ್ ಮೀರಬಾರದು.

4. ಪಾಸ್‌ವರ್ಡ್ ಮತ್ತು ಅಂತರ್ಜಾಲ

2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲಿ ನೀಡಿದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಅಸಂಖ್ಯ ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತ್ತು. ಆದುದರಿಂದ ಮೊದಲ ದಿನವೇ ಪಾಸ್‌ವರ್ಡ್ ಬದಲಿಸಬೇಕು. ನ್ಯಾಸನ್ನಾಗಲಿ ಕ್ಯಾಮೆರಾವನ್ನಾಗಲಿ ಅಂತರ್ಜಾಲಕ್ಕೆ ನೇರವಾಗಿ ತೆರೆದಿಡಬಾರದು. ದೂರದಿಂದ ನೋಡಬೇಕಾದವರು ವಿ.ಪಿ.ಎನ್. ಬಳಸುವುದು ಸುರಕ್ಷಿತ.

5. ಕಾನೂನಿನ ದೃಷ್ಟಿಯಲ್ಲಿ

ಜನಸಂದಣಿಯ ಸಂಸ್ಥೆಗಳಿಗೆ ಅನ್ವಯಿಸುವ ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಅಧಿನಿಯಮ, 2017 ಕ್ಯಾಮೆರಾ ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಲು ಹೇಳುತ್ತದೆ. ಇದಕ್ಕೆ ಒಳಪಡದವರಿಗೂ 30 ದಿನವೆಂಬುದು ಒಳ್ಳೆಯ ಅಳತೆಗೋಲು. ಸರಕಿನ ಕೊರತೆ ಎಷ್ಟೋ ಸಲ ತಿಂಗಳ ದಾಸ್ತಾನು ತಪಾಸಣೆಯಲ್ಲಿ ಮಾತ್ರ ಬೆಳಕಿಗೆ ಬರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದಂತೆ, ಇಂತಹ ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಒಂದನ್ನು ಹಾಜರುಪಡಿಸುವ ಪಕ್ಷಕಾರರೂ ಇನ್ನೊಂದನ್ನು ತಜ್ಞರೂ ನೀಡಬೇಕು. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಆದುದರಿಂದ ಘಟನೆ ತಿಳಿದ ದಿನವೇ ಸಂಬಂಧಿಸಿದ ದೃಶ್ಯವನ್ನು ಬೇರೆಡೆ ನಕಲು ಮಾಡಿ ಮೂಲವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ದೃಶ್ಯ ಅದರ ಮೇಲೆ ಬರೆಯಲ್ಪಟ್ಟೀತು. ದೃಶ್ಯದ ಮೇಲಿನ ಗಡಿಯಾರ ತಪ್ಪಿದ್ದರೆ ಸಾಕ್ಷ್ಯವೇ ಪ್ರಶ್ನೆಗೆ ಒಳಗಾಗಬಹುದು. ಹೀಗಾಗಿ ಎನ್.ಟಿ.ಪಿ. ಮೂಲಕ ಎಲ್ಲ ಸಾಧನಗಳ ಸಮಯವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸತಕ್ಕದ್ದು.

6. ತಿಂಗಳಿಗೊಮ್ಮೆ ಪರೀಕ್ಷೆ

ಪರದೆಯ ಮೇಲೆ ಚಿತ್ರ ಕಾಣುವುದೇ ದಾಖಲೆಯಾಗುತ್ತಿರುವುದಕ್ಕೆ ಪುರಾವೆಯಲ್ಲ. ತಿಂಗಳಿಗೊಮ್ಮೆ, ಹಿಂದಿನ ವಾರದ ಯಾವುದಾದರೂ ರಾತ್ರಿ 2 ಗಂಟೆಯ ದೃಶ್ಯವನ್ನು ಪ್ರತಿ ಕ್ಯಾಮೆರಾದಿಂದಲೂ ತೆಗೆದು ನೋಡಬೇಕು. 29 ದಿನಗಳ ಹಿಂದಿನ ಒಂದು ದೃಶ್ಯವೂ ದೊರೆಯುವುದೇ ಎಂದು ಪರಿಶೀಲಿಸಬೇಕು. ಮುಖ ಗುರುತಿಸುವಷ್ಟು ಸ್ಪಷ್ಟತೆ ಇದೆಯೇ, ಸಮಯ ಸರಿಯಿದೆಯೇ ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಡಬೇಕು. ಈ ಕೆಲಸವನ್ನು ಒಬ್ಬ ನಿರ್ದಿಷ್ಟ ಸಿಬ್ಬಂದಿಗೆ ವಹಿಸುವುದು ಸೂಕ್ತ. ಇದಕ್ಕೆ ತಗಲುವುದು ಅರ್ಧ ಗಂಟೆ ಮಾತ್ರ. ಆದರೆ ನಷ್ಟ ಸಂಭವಿಸಿದ ದಿನ ಪೊಲೀಸರಿಗೂ ವಿಮಾ ಕಂಪನಿಗೂ ತೋರಿಸಲು ದೃಶ್ಯವಿರುವುದೋ ಇಲ್ಲವೋ ಎಂಬುದು ಈ ಅರ್ಧ ಗಂಟೆಯನ್ನೇ ಅವಲಂಬಿಸಿದೆ.