ಮನಸ್ಸಿನ ಲೆಕ್ಕವನ್ನೂ ನೋಡೋಣ



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಕಂತು ಎಲ್ಲದರ ಲೆಕ್ಕ ನೋಡುತ್ತೇವೆ. ಮನಸ್ಸಿನ ಲೆಕ್ಕ? ನಮಗೆ ಹಳೇ ಸಿಟ್ಟಿರುವ ಸದಸ್ಯೆ ಸಾಲ ಕೇಳುತ್ತಾಳೆ. 'ನಿಯಮದ ಪ್ರಕಾರ ಆಗಲ್ಲ' ಅಂದುಬಿಡುತ್ತೇವೆ. ಅವಳು ಬಡ್ಡಿಯವರ ಬಾಗಿಲಿಗೆ ಹೋಗುತ್ತಾಳೆ. ನಮ್ಮ ಬಾಯಲ್ಲಿ ಮಾತಾಡಿದ್ದು ನಿಯಮವೋ, ಸಿಟ್ಟೋ?

ಒಳ್ಳೆ ಕೆಲಸದಲ್ಲೂ ಹೀಗೇ. ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಜನರಿಗೆ ತೋರಿಸಲು ಮಾಡಬಾರದೆಂದು ಯೇಸುಸ್ವಾಮಿ ಎಚ್ಚರಿಸಿದ್ದಾರೆ (ಮತ್ತಾಯ 6).

ಸಂತ ಇಗ್ನೇಷಿಯಸ್ ಲೊಯೋಲ ಮೊದಲು ಯೋಧರಾಗಿದ್ದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಒಂದು ವಿಷಯ ಗಮನಿಸಿದರು. ಕೀರ್ತಿಯ ಕನಸು ಆ ಹೊತ್ತಿಗೆ ಸಿಹಿ, ಆಮೇಲೆ ಮನಸ್ಸು ಬರಿದು. ಸಂತರಂತೆ ಬಾಳುವ ಯೋಚನೆ ಮಾತ್ರ ಆಮೇಲೂ ಸಂತೋಷ ಉಳಿಸುತ್ತಿತ್ತು. ಮುಂದೆ ಅವರು ಕಲಿಸಿದ ಆತ್ಮಶೋಧನೆಯಲ್ಲಿ ಐದು ಹೆಜ್ಜೆಗಳಿವೆ. ರಾತ್ರಿ ಮಲಗುವ ಮುಂಚೆ ನಾವೂ ಮಾಡೋಣ:

1. ದೇವರಿಗೆ ವಂದನೆ ಹೇಳುವುದು.
2. ನಮ್ಮ ತಪ್ಪು ಕಾಣಲು ಬೆಳಕು ಬೇಡುವುದು.
3. ಬೆಳಗಿನಿಂದ ಯೋಚಿಸಿದ್ದು, ಆಡಿದ್ದು, ಮಾಡಿದ್ದು ನೆನೆಯುವುದು. 'ಇದನ್ನು ಯಾಕೆ ಮಾಡಿದೆ? ಯಾರೂ ನೋಡದಿದ್ದರೂ ಮಾಡ್ತಿದ್ದೆನಾ?'
4. ಕ್ಷಮೆ ಕೇಳುವುದು.
5. ನಾಳೆ ತಿದ್ದಿಕೊಳ್ಳಲು ತೀರ್ಮಾನಿಸುವುದು.

ಒಳಗೆ ಸ್ವಲ್ಪ ಹೆಮ್ಮೆ ಬೆರೆತಿದೆ ಅಂತ ಗೊತ್ತಾದರೆ ಒಳ್ಳೆ ಕೆಲಸವನ್ನೇ ಬಿಡೋದು ಬೇಡ. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಕಲ್ಲನ್ನು ಎಸೆಯುತ್ತೇವೆ, ಅಕ್ಕಿಯನ್ನಲ್ಲ.

ಈ ವಾರದ ಅಭ್ಯಾಸ: ಮನಸ್ಸಿಗೆ ಹಿಡಿಸದ ಒಬ್ಬರಿಗೆ ಒಂದು ಸಹಾಯ ಮಾಡೋಣ. ಸಭೆಯಲ್ಲೂ ಹೇಳದಿರೋಣ.